ಗಾಳಿ ಬಿಟ್ಟುಹೋದ ಧೂಳು

‘ಗಾಳಿ ಬಂದಾಗ ತೂರಿಕೋ’ ಎಂಬುದು ಒಕ್ಕಲುಮಕ್ಕಳು ಕಣದಲ್ಲಿ ಕಂಡುಕೊಂಡ ನಾಣ್ಣುಡಿ. ಮೊರದಿಂದ ಸುರಿದ ರಾಶಿಯಲ್ಲಿ ತೂಕವುಳ್ಳ ಕಾಳು ಕಾಲಬಳಿಯಲ್ಲಿಯೇ ಬೀಳುತ್ತದೆ. ಹಗುರವಾದ ಹೊಟ್ಟು ದೂರಕ್ಕೆ ಹಾರುತ್ತದೆ. ಆದರೆ ಗಾಳಿ ನಿಂತ ಮೇಲೆ ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ಆ ನುಡಿಯಲ್ಲಿ ಉತ್ತರವಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಮನೆ ನಡೆಸುವವರಿಗೆ ಆ ಉತ್ತರವೇ ಹೆಚ್ಚು ಅಗತ್ಯವಾದುದು.

ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ಮೊದಲು ಗಾಳಿಯಾಗಿ ಬರುತ್ತದೆ. ಮಳೆಯಾಗಿ ಸುರಿಯುವುದು ಅದರ ಕೃಪೆ. ಜೋಗಿಮಟ್ಟಿಯ ಸುತ್ತಣ ಬೆಟ್ಟಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳೇ ಇದಕ್ಕೆ ಸಾಕ್ಷಿ. ಹೊಳಲ್ಕೆರೆಯ ಅಡಕೆ ತೋಟ, ಹೊಸದುರ್ಗದ ತೆಂಗಿನ ಸಾಲು, ಹಿರಿಯೂರಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಚ್ಚುಕಟ್ಟು, ಇಂತಹ ಹಸುರು ಇರುವೆಡೆ ಧೂಳಿಗೆ ತಡೆಯುಂಟು. ಉತ್ತುಬಿಟ್ಟ ಬಯಲು ಹೊಲಗಳಿಗೆ ಆ ಭಾಗ್ಯವಿಲ್ಲ. ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಯಲ್ಲಂತೂ ಎಲೆಯ ಬಣ್ಣವೇ ಕೆಂಪು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಷರತ್ತುಗಳಿಗೊಳಪಟ್ಟು ಕೆಲವು ಗಣಿಗಳು ಮರಳಿ ತೆರೆದವು. 2018ರ ಮೇ ತಿಂಗಳಲ್ಲಿ ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿಗೊಂಡಂತಹ ಘೋರ ಬಿರುಗಾಳಿ ಇಲ್ಲಿನದಲ್ಲ. ಇಲ್ಲಿನ ಗಾಳಿ ಗೋಡೆಯನ್ನು ಕೆಡಹದು; ಗೋಡೆಯೊಳಗೆ ಬಂದು ಕೂರುತ್ತದೆ.

ಹಿರಿಯೂರಿನ ಕಡೆಯ ಒಂದು ಮನೆ. ಅಲ್ಲಿಯ ಹಿರಿಯ ಮುತ್ತೈದೆಗೆ ಬಹುಕಾಲದ ಉಬ್ಬಸ. ವೈಶಾಖದ ಒಂದು ಸಂಜೆ ಗಾಳಿ ಎದ್ದು, ನಾಲ್ಕು ಹನಿಯೂ ಬೀಳದೆ ಅಡಗಿತು. ಹಾಸಿಗೆ, ಪಾತ್ರೆ, ಪುಸ್ತಕಗಳ ಮೇಲೆಲ್ಲ ನವಿರಾದ ಕೆಮ್ಮಣ್ಣಿನ ಪದರ. ಅತ್ತೆಗೆ ತೊಂದರೆಯಾಗಬಾರದೆಂದು ಸೊಸೆ ತಡಮಾಡದೆ ಪೊರಕೆ ಹಿಡಿದಳು. ಫ್ಯಾನು ಹಾಕಿ, ಹೊದಿಕೆಗಳನ್ನು ಕೊಡವಿ, ದೀಪ ಹಚ್ಚುವ ವೇಳೆಗೆ ಮನೆಯನ್ನು ಕನ್ನಡಿಯಂತೆ ಮಾಡಿದಳು. ನಡುರಾತ್ರಿ ಅತ್ತೆಯ ಉಸಿರು ಕಟ್ಟಿತು. ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು.

ಜೀವ ಉಳಿಯಿತು. ಬೆಳಗ್ಗೆ ವೈದ್ಯರು ಕೇಳಿದ್ದು ಒಂದೇ ಮಾತು: “ಕೆಮ್ಮು ಶುರುವಾದದ್ದು ಗಾಳಿ ಬೀಸುವಾಗಲೋ, ಗುಡಿಸುವಾಗಲೋ?” ಸೊಸೆ ತಲೆ ತಗ್ಗಿಸಿದಳು. ಗಾಳಿ ಬೀಸುವಾಗ ಬಾಗಿಲು ಮುಚ್ಚಿತ್ತು, ಕೆಮ್ಮು ಇರಲಿಲ್ಲ.

ಕಣದ ನ್ಯಾಯವೇ ಇಲ್ಲಿಯದೂ. ದಪ್ಪ ಮರಳು ಕಾಳಿನಂತೆ ಬೇಗ ನೆಲಕ್ಕಿಳಿಯುತ್ತದೆ. ನವಿರು ಧೂಳು ಹೊಟ್ಟಿನಂತೆ ತೇಲುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗೂ ಕಿರಿದಾದ ಕಣಗಳು ಉಸಿರಿನೊಡನೆ ಎದೆಗಿಳಿಯುತ್ತವೆ, 2.5 ಮೈಕ್ರಾನಿಗೂ ಕಿರಿಯವು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಗಳನ್ನು ಮುಟ್ಟುತ್ತವೆ. ಕಣ್ಣಿಗೆ ಕಾಣುವ ಕಸವನ್ನು ಒಣಪೊರಕೆ ಹೊರಹಾಕುತ್ತದೆ. ಕಾಣದುದನ್ನು ಮೂಗಿನೆತ್ತರಕ್ಕೆ ಎಬ್ಬಿಸುತ್ತದೆ.

ಮನೆಗೆ ಮರಳಿದ ಹಿರಿಯಾಕೆ ಸೊಸೆಯನ್ನು ಗದರಲಿಲ್ಲ. “ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟಿಸ್ತೀವೇನೇ ತಾಯಿ? ಒಳಗೆ ಮಾತ್ರ ನಾವಿಬ್ಬರೂ ಮರೆತ್ವಲ್ಲ!” ಎಂದರು. ತಲೆಮಾರುಗಳಿಂದ ಅಂಗಳಕ್ಕೆ ತಿಳಿದಿದ್ದ ನೀತಿ ಒಳಮನೆಗೆ ತಿಳಿದದ್ದು ಅಂದು.

ಅಂದಿನಿಂದ ಆ ಮನೆಯ ಕ್ರಮ ಬದಲಾಯಿತು. ಗಾಳಿ ಏಳುತ್ತಲೇ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ಒತ್ತುತ್ತಾರೆ. ಕುಡಿಯುವ ನೀರು, ಅಡುಗೆಗಳಿಗೆ ತಟ್ಟೆ ಮುಚ್ಚುತ್ತಾರೆ. ಹೊರಗಣ ಧೂಳು ಪೂರ್ಣ ಅಡಗುವವರೆಗೆ ಕಾದು, ಅನಂತರ ಕಿಟಕಿ ತೆರೆಯುತ್ತಾರೆ. ಫ್ಯಾನು ಹಾಕುವುದಿಲ್ಲ, ಅದರ ರೆಕ್ಕೆಗಳನ್ನೇ ಮೊದಲು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೇ. ಉಬ್ಬಸವುಳ್ಳವರೂ ಎಳೆಯ ಮಕ್ಕಳೂ ಅಷ್ಟು ಹೊತ್ತು ಬೇರೆ ಕೋಣೆಯಲ್ಲಿರುತ್ತಾರೆ. ಒರೆಸುವವರು ಮೂಗು ಬಾಯಿಗಳಿಗೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ಧರಿಸುತ್ತಾರೆ. ಸೆರಗು ದಪ್ಪ ಧೂಳನ್ನಷ್ಟೇ ತಡೆದೀತು. ಕೆಲಸ ಮೇಲಿನಿಂದ ಕೆಳಕ್ಕೆ: ಮೊದಲು ನಾಗಂದಿಗೆ, ಆಮೇಲೆ ಮೇಜು, ಕಡೆಗೆ ನೆಲ. ನೆಲದಲ್ಲಿ ಮಣ್ಣು ದಪ್ಪವಾಗಿದ್ದರೆ ನೀರು ಚಿಮುಕಿಸಿ ಮೆಲ್ಲಗೆ ಬಳಿದು, ಬಳಿಕ ಒರೆಸುತ್ತಾರೆ. ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿ, ನೀರು ಬದಲಿಸುತ್ತಾರೆ. ಹೊದಿಕೆಗಳನ್ನು ಒಳಗೆ ಕೊಡವದೆ, ಮಡಿಚಿಯೇ ಒಯ್ದು ಒಗೆಯಲು ನೆನೆಹಾಕುತ್ತಾರೆ. ಎಲ್ಲವೂ ಮುಗಿದ ಮೇಲೆ ಸ್ನಾನ.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನು ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡವಳು. ಪೊರಕೆಗೆ ಅಂತಹ ಗೌರವವನ್ನು ಕೊಟ್ಟ ನಾಡಿನಲ್ಲಿ ಪೊರಕೆ ಹಿಡಿದವರ ಉಸಿರಿಗೂ ಗೌರವ ಸಲ್ಲಬೇಡವೆ? ಗಾಳಿಯ ಮರುದಿನ ಗಂಟೆ ಬಾರಿಸುವ ಮುನ್ನ ತರಗತಿಯ ಕೊಠಡಿಯನ್ನು ಗುಡಿಸಲು ನಿಲ್ಲುವವರು ಯಾರೆಂಬುದನ್ನು ಶಾಲೆಗಳೂ ಒಮ್ಮೆ ನೋಡಿಕೊಳ್ಳಬೇಕು. ಆ ಕೆಲಸ ಮಕ್ಕಳದಾಗದಿರಲಿ. ದೊಡ್ಡವರ ಕೈಯಲ್ಲಿಯೂ ಪೊರಕೆಗಿಂತ ಮೊದಲು ಒಂದು ಬಕೆಟ್ಟು ನೀರು ಇರಲಿ.

ಹಿರಿಯೂರಿನ ಆ ಮನೆಯಲ್ಲಿ ಮುಂದಿನ ಆಷಾಢದಲ್ಲಿಯೂ ಗಾಳಿ ಬೀಸಿತು, ಧೂಳು ಬಂದಿತು. ಸೊಸೆ ಬಟ್ಟೆ ಹಿಂಡುತ್ತಿದ್ದಳು. ಅತ್ತೆ ಒಳಕೋಣೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಆ ರಾತ್ರಿ ಮನೆಮಂದಿಯೆಲ್ಲ ನಿದ್ರಿಸಿದರು.