ಆಮೆಯ ಕೂಡಿಟ್ಟ ನೀರು

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಬೇಸಗೆಯ ಚಾರಣಿಗರು ನೆಲದಾಮೆಯನ್ನು ಅರಸುತ್ತಾರೆ. ಬಿಸಿಲೇರಿದ ಮೇಲೆ ಅದರ ದರ್ಶನ ಅಪರೂಪ. ಆಯುಷ್ಯದ ಬಹುಭಾಗವನ್ನು ಅದು ಬಿಲದಲ್ಲಿಯೇ ಕಳೆಯುತ್ತದೆ. ಅಲ್ಲಿನ ಚಕ್‌ವಾಲವೆಂಬ ಹಲ್ಲಿ ಬಂಡೆಯ ಬಿರುಕಿಗೆ ನುಗ್ಗಿ ಮೈಯುಬ್ಬಿಸಿಕೊಂಡರೆ ಎಳೆದರೂ ಬಾರದು. ಆಮೆಗೆ ಆ ಉಪಾಯವಿಲ್ಲ. ಮಳೆಯಲ್ಲಿ ಕುಡಿದ ನೀರನ್ನು ಮೂತ್ರಕೋಶದಲ್ಲಿ ಕೂಡಿಟ್ಟು ತಿಂಗಳುಗಟ್ಟಲೆ ಅದರಿಂದಲೇ ಜೀವ ಹಿಡಿಯುತ್ತದೆ. ವರ್ತಕರೂ ಮೆಚ್ಚಬೇಕಾದ ಮಿತವ್ಯಯ! ಮುದ್ದಿಗೆಂದು ಯಾರಾದರೂ ಎತ್ತಿಕೊಂಡರೆ ಭಯದಿಂದ ಆ ಸಂಚಯವನ್ನೆಲ್ಲ ಚೆಲ್ಲಿಬಿಡಬಹುದು. ಆಮೇಲೆ ಮುಂದಿನ ಮಳೆಯವರೆಗೆ ಬದುಕುಳಿಯುವುದೇ ಕಷ್ಟ. ಹಿಂಸೆಯ ಉದ್ದೇಶ ಅಲ್ಲಿ ಲವಲೇಶವೂ ಇರುವುದಿಲ್ಲ, ಇರುವುದು ಅಕ್ಕರೆಯೇ. 1990ರಿಂದ ಅಲ್ಲಿನ ಕೇಂದ್ರ ಕಾನೂನು ಈ ಆಮೆಯನ್ನು ಹಿಡಿಯುವುದನ್ನೂ ಪೀಡಿಸುವುದನ್ನೂ ನಿಷೇಧಿಸಿದೆ. ಆದರೂ ನಿಲ್ಲಿಸಿದ ಕಾರಿನ ನೆರಳಿಗೆ ಅದು ತಾನಾಗಿಯೇ ಬರುವುದುಂಟು. ಹೊರಡುವ ಮುನ್ನ ಬಗ್ಗಿ ಗಾಲಿಗಳ ಬಳಿ ನೋಡಬೇಕು. ಇದ್ದರೆ, ಅದು ಸರಿದುಹೋಗುವವರೆಗೆ ಕಾಯಬೇಕು.