ಇದ್ದಲಿಯ ಲೆಕ್ಕ

ರೊಟ್ಟಿ ಹೊತ್ತಿ ಕರ್ರಗ ಆಗತದಲ್ರಿ, ಆ ಕರಿ ಅನ್ನೂದು ಇಂಗಾಲ. ಇದ್ದಲಿ, ದೀಪದ ಕಾಡಿಗಿ, ಹುಡುಗರ ಪೆನ್ಸಿಲ್ಲಿನ ಕಡ್ಡಿ, ಎಲ್ಲಾದ್ರಾಗೂ ಅದೇ ಇರೂದು. ನಮ್ಮ ಮೈತೂಕದಾಗೂ ನೂರಕ್ಕ ಸುಮಾರು 18 ಪಾಲು ಇಂಗಾಲ ಅದ. ಅದು ಹುಟ್ಟಿದ್ದು ಭೂಮಿ ಮ್ಯಾಲಲ್ಲ, ನಕ್ಷತ್ರದ ಹೊಟ್ಟಿಯೊಳಗ.

ಅಲ್ಲಿ ಹೀಲಿಯಂನ ಮೂರು ನ್ಯೂಕ್ಲಿಯಸ್ ಕೂಡಿದ್ರ ಒಂದು ಇಂಗಾಲ. ಆದ್ರ ಎರಡು ಕೂಡಿದ ಕೂಡಲೇ ಬಿಟ್ಟು ಹೋಗತಾವ, ಮೂರನೇದು ಬಂದು ಸೇರೂದ ಕಷ್ಟ. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ 1953ರಾಗ, ಇಂಗಾಲಕ್ಕ ಒಂದು ವಿಶೇಷ ಶಕ್ತಿಯ ಮಟ್ಟ ಇರಲೇಬೇಕು, ಇಲ್ಲಂದ್ರ ಜಗತ್ತಿನ್ಯಾಗ ಇಷ್ಟು ಇಂಗಾಲ ಇರತಿರಲಿಲ್ಲ ಅಂದ್ರು. ಅಮೆರಿಕದ ಕ್ಯಾಲ್ಟೆಕ್‌ನವರು ಹುಡುಕಿದ್ರ ಖರೇನ ಸಿಕ್ತು, ಅವರು ಹೇಳಿದ ಜಾಗಾದ ಹತ್ರಾನ, 7.65 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ. ಮುಂದ ಆ ಇಂಗಾಲಕ್ಕ ಇನ್ನೊಂದು ಹೀಲಿಯಂ ಕೂಡಿದ್ರ ಆಮ್ಲಜನಕ. ಆದ್ರ ಆಮ್ಲಜನಕದ ಮಟ್ಟ ಬೇಕಾದ್ದಕ್ಕಿಂತ ತುಸು ಕೆಳಗ ಅದ. ಅದಕ್ಕ ಇಂಗಾಲ ಪೂರ್ತಿ ಖರ್ಚಾಗಲಿಲ್ಲ, ಎರಡೂ ಉಳದಾವ. ಉಪ್ಪು-ಹುಳಿ ಅಳತಿ ನೋಡಿ ಹಾಕಿದ ಸಾರಿನಂಗ.

ಇದನ್ನ ಕೇಳಿ, "ನೋಡ್ರಿ, ನಮ್ಮ ಸಲುವಾಗೇ ದೇವರು ಎಲ್ಲಾ ಅಳದು ಇಟ್ಟಾನ" ಅನ್ನೋರು ಇದ್ದಾರ. ಬ್ರಾಂಡನ್ ಕಾರ್ಟರ್ ಅನ್ನೋ ವಿಜ್ಞಾನಿ 1973ರಾಗ ಪೋಲೆಂಡಿನ ಕ್ರಾಕೋವ್‌ನ್ಯಾಗ ಬ್ಯಾರೆ ರೀತಿ ಹೇಳಿದ್ರು: ನಾವು ಇರಲಿಕ್ಕೆ ಸಾಧ್ಯ ಇರೋ ಜಗತ್ತನ್ನ ಅಷ್ಟೇ ನಾವು ನೋಡಲಿಕ್ಕೆ ಸಾಧ್ಯ. ನನಗ ತಿಳಿದಂಗ ಹೇಳತೀನಿ. ಗ್ವಾಡಿ ಬಿರುಕಿನ್ಯಾಗ ಅರಳಿ ಸಸಿ ಹುಟ್ಟತದ. "ಗೌಂಡಿ ನನ್ನ ಸಲುವಾಗೇ ಬಿರುಕು ಬಿಟ್ಟಾನ" ಅಂತ ಅದು ಅನ್ನಬಹುದು. ಬಿರುಕಿಲ್ಲದ ಗ್ವಾಡಿಯೊಳಗ ಹಂಗ ಅನ್ನಲಿಕ್ಕೆ ಸಸೀನ ಇರೂದಿಲ್ಲ.

ಇದನ್ನೆಲ್ಲಾ ಯಾಕ ಬರದೆ ಅಂದ್ರ, ಹೋದ ತಿಂಗಳು ನಮ್ಮ ಓಣ್ಯಾಗ ಎಂಟು ತಿಂಗಳ ಕೂಸು ತೀರಿಕೊಂಡಿತು. ಮಾತಾಡಸಲಿಕ್ಕೆ ಬಂದೋರು ಆ ತಾಯಿಗೆ, "ದೇವರ ಲೆಕ್ಕ ತಪ್ಪೂದಿಲ್ಲವಾ, ಎಲ್ಲಾದಕ್ಕೂ ಒಂದು ಕಾರಣ ಇರತದ" ಅಂತಿದ್ರು. ಆಕಿ ಬರೇ ತೊಟ್ಟಲಾ ನೋಡಕೋತ ಕೂತಿದ್ಲು. ನಿನ್ನ ಕೂಸು ಹೋಗಬೇಕಂತನೇ ಇತ್ತು ಅಂದಂಗ ಆಗಲಿಲ್ಲೇನ್ರಿ ಆ ಮಾತು?

ಇಂಗಾಲದ ಲೆಕ್ಕ ಜೀವಕ್ಕ ಜಾಗಾ ಮಾಡಿ ಕೊಟ್ಟದ, ಅಷ್ಟ. ಯಾರ ಮನ್ಯಾಗ ಯಾವ ಕೂಸು ಉಳೀಬೇಕು ಅನ್ನೂದು ಅದರಾಗ ಬರದಿಲ್ಲ. ದೇವರನ್ನ ನಂಬಬ್ಯಾಡ್ರಿ ಅಂತ ಹೇಳವಾಕಿ ಅಲ್ಲ ನಾ, ನಾನೂ ದಿನಾ ದೀಪ ಹಚ್ಚತೀನಿ. ಆದ್ರ ಅಂಥಾ ಮನಿಗೆ ಹೋದಾಗ ಕಾರಣ ಹೇಳಲಿಕ್ಕೆ ಹೋಗಬ್ಯಾಡ್ರಿ. ಒಂದಿಷ್ಟು ಅನ್ನ-ಸಾರು ಒಯ್ದು, ಆಕಿ ಎರಡು ತುತ್ತು ಉಣ್ಣೂತನಕ ಬಾಜೂಕ ಕೂಡ್ರಿ.