ಚುಕ್ಕಿ, ಗೆರೆ ಮತ್ತು ಎರಡು ವಿಭಾಗಗಳು



1989ರ ಜೂನ್ ತಿಂಗಳು. ಕಾರ್ಕಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನಾಗ ಗಣಿತದ ಅಧ್ಯಾಪಕ. ಒಂಬತ್ತನೆಯ ತರಗತಿಯ ಅರವತ್ತು ಮಕ್ಕಳನ್ನು ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಹಂಚುವ ಹೊಣೆ ನನ್ನದಾಯಿತು. ಹರಟುವ ಜೋಡಿಗಳನ್ನು ಆದಷ್ಟು ಬೇರ್ಪಡಿಸಬೇಕೆಂದು ನಾನೇ ಸಂಕಲ್ಪಿಸಿದೆ. ಹಾಳೆಯ ಮೇಲೆ ಮಗುವಿಗೊಂದು ಚುಕ್ಕಿ, ಗೆಳೆಯರಿಬ್ಬರ ನಡುವೆ ಒಂದು ಗೆರೆ. ಅತಿ ಹೆಚ್ಚು ಗೆರೆಗಳು ತುಂಡಾಗುವಂತೆ ಚುಕ್ಕಿಗಳನ್ನು ಎರಡು ಪಾಲು ಮಾಡಬೇಕು. ಮೂವರು ಪರಸ್ಪರ ಗೆಳೆಯರಾಗಿದ್ದರೆ ಒಂದು ಗೆರೆಯಾದರೂ ಉಳಿದೇ ಉಳಿಯುತ್ತದೆ. ಮೂರು ರಾತ್ರಿ ಹೆಣಗಿದೆ. ಇದೇ ಅತ್ಯುತ್ತಮ ಹಂಚಿಕೆಯೆಂಬ ಭರವಸೆ ಕೊನೆಗೂ ಬರಲಿಲ್ಲ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮೊಮ್ಮಗಳು ಮೊನ್ನೆ ಭಾನುವಾರ ಕಾಪುವಿನ ನಮ್ಮ ಮನೆಗೆ ಬಂದಿದ್ದಳು. ಈ ಕಥೆ ಕೇಳಿ ನಕ್ಕು, “ಅಜ್ಜ, ನೀವು ಬಿಡಿಸಹೊರಟದ್ದು ಮ್ಯಾಕ್ಸ್ ಕಟ್ ಸಮಸ್ಯೆ” ಎಂದಳು. ಅರವತ್ತು ಮಂದಿಯನ್ನು ಎರಡು ಗುಂಪು ಮಾಡುವ ಬಗೆಗಳು ಸುಮಾರು 5,700 ಕೋಟಿ ಕೋಟಿ! ಇದು ಕಠಿಣ ಸಮಸ್ಯೆಗಳ ಸಾಲಿಗೆ ಸೇರಿದ್ದೆಂದು ರಿಚರ್ಡ್ ಕಾರ್ಪ್ 1972ರಲ್ಲಿ ತೋರಿಸಿದರು. ಎಲ್ಲ ಚಿತ್ರಗಳಿಗೂ ಸಲ್ಲುವ ಶೀಘ್ರ ಮಾರ್ಗ ಇಂದಿಗೂ ಯಾರಿಗೂ ಸಿಕ್ಕಿಲ್ಲ.

ಚಿತ್ರದ ಸ್ವರೂಪಕ್ಕೆ ಕಟ್ಟುಪಾಡು ಹಾಕಿದರೆ ಹೇಗೆ? ಗೆರೆಗಳು ಒಂದನ್ನೊಂದು ದಾಟದಂತೆ ಬರೆಯಬಹುದಾದ ಚಿತ್ರಗಳಲ್ಲಿ ಉತ್ತರವನ್ನು ಶೀಘ್ರವಾಗಿ ಪಡೆಯಬಹುದೆಂದು 1975ರಲ್ಲಿ ಹ್ಯಾಡ್‌ಲಾಕ್ ತೋರಿಸಿದರು. ಆದರೆ ಸರಳವಾಗಿ ಕಾಣುವುದೆಲ್ಲ ಸುಲಭವಲ್ಲ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ ಮಾರ್ಗವಾಗಿ ಕಾರ್ಕಳಕ್ಕೆ ಬರುವ ಬಸ್ಸನ್ನು ನೆನೆಯಿರಿ. ಒಬ್ಬೊಬ್ಬರು ಒಂದೊಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತಾರೆ. ಸ್ವಲ್ಪ ದೂರವಾದರೂ ಜೊತೆಯಾಗಿ ಪಯಣಿಸಿದವರ ನಡುವೆ ಗೆರೆ ಎಳೆದರೆ ದೊರೆಯುವುದು ಇಂಟರ್ವಲ್ ಗ್ರಾಫ್. ಎಲ್ಲರಿಗೂ ಆಸನ ಸಿಗಲು ಎಷ್ಟು ಸೀಟು ಬೇಕೆಂದು ಅದರಿಂದ ಥಟ್ಟನೆ ಹೇಳಬಹುದು. ಆದರೆ ಅದೇ ಪ್ರಯಾಣಿಕರನ್ನು ಅತಿ ಹೆಚ್ಚು ಗೆರೆ ತುಂಡಾಗುವಂತೆ ಎರಡು ಪಾಲು ಮಾಡುವುದು ಮಾತ್ರ ಕಠಿಣವೇ ಎಂದು 2021ರಲ್ಲಿ ನಮ್ಮ ದೇಶದವರೇ ಆದ ರಣೇಂದು ಅಧಿಕಾರಿ ಮತ್ತು ಸಂಗಡಿಗರು ಸಾಧಿಸಿದರು. ದಶಕಗಳಿಂದ ಉತ್ತರ ಸಿಗದಿದ್ದ ಪ್ರಶ್ನೆಯದು.

“ಹಾಗಾದರೆ ನಾನು ಸೋತದ್ದು ತಪ್ಪಲ್ಲ” ಎಂದೆ. ಅವಳು ಒಪ್ಪಿದಳು. ನನ್ನ ಮನಸ್ಸು ಒಪ್ಪಲಿಲ್ಲ.

ಅಂದು ಹೆಮ್ಮೆಯಿಂದ ತುಂಡರಿಸಿದ ಗೆರೆಗಳಲ್ಲಿ ಒಂದು, ಒಂದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಹುಡುಗರದು. ಅವರು ಹರಟುತ್ತಿದ್ದುದು ನಿಜ. ಆದರೆ ಒಬ್ಬನು ಇನ್ನೊಬ್ಬನಿಗೆ ಲೆಕ್ಕ ಹೇಳಿಕೊಡುತ್ತಿದ್ದನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಇನ್ನೊಬ್ಬನು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿಯೇ ಅನುತ್ತೀರ್ಣನಾಗಿ, ಮುಂಬಯಿಗೆ ಹೋಟೆಲಿನ ಕೆಲಸಕ್ಕೆ ಹೋದನು. ನನ್ನ ಹಾಳೆಯಲ್ಲಿ ಎಲ್ಲ ಗೆರೆಗಳಿಗೂ ಒಂದೇ ಬೆಲೆಯಿತ್ತು.

ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ಊರಿಗೆ ಬಂದಾಗ ಕಾಪುವಿಗೂ ಬಾ ಮಗಾ. ಗೆಳೆಯನನ್ನೂ ಕರೆದುಕೊಂಡು ಬಾ.